ಗುಂಡಿಲ್ಲದ ಅಭ್ಯಾಸ: ಮನೆಯ ಗೋಡೆ ಎದುರು ಇಪ್ಪತ್ತು ನಿಮಿಷ



ಇವತ್ತು ನಾನು ಮಾತಾಡೋಕೆ ಹೊರಟಿರೋದು ಸದ್ದಿಲ್ಲದ ಒಂದು ಅಭ್ಯಾಸದ ಬಗ್ಗೆ. ಕೈಯಲ್ಲಿ ಪಿಸ್ತೂಲು ಇದೆ, ಒಳಗೆ ಗುಂಡಿಲ್ಲ. ಎದುರಿಗೆ ಬಿಳಿ ಗೋಡೆ. ಕೈ ಎತ್ತಬೇಕು, ಗುರಿ ಹಿಡಿಯಬೇಕು, ಟ್ರಿಗರ್ ಒತ್ತಬೇಕು. ‘ಟಿಕ್’ ಅಂತ ಸಣ್ಣ ಸದ್ದು, ಅಷ್ಟೇ. ಕೈ ಇಳಿಸಬೇಕು. ಮತ್ತೆ ಮೊದಲಿನಿಂದ. ಶೂಟಿಂಗ್ ಕ್ರೀಡೆಯಲ್ಲಿ ಇದಕ್ಕೆ ಡ್ರೈ ಫೈರ್ ಅಂತಾರೆ. ನಾನು ಮನೆಯಲ್ಲಿ ‘ಗುಂಡಿಲ್ಲದ ಅಭ್ಯಾಸ’ ಅಂತ ಕರೀತೀನಿ.

ನನ್ನ ಪರಿಚಯ ಎರಡೇ ಮಾತಲ್ಲಿ. ಊರು ತೀರ್ಥಹಳ್ಳಿ ಕಡೆ. ಎಂ.ಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷ ಆಯ್ತು. ವಾರಪೂರ್ತಿ ಸಾಫ್ಟ್‌ವೇರ್ ಕೆಲಸ, ಶನಿವಾರ ಬೆಳಿಗ್ಗೆ 10 ಮೀಟರ್ ಏರ್ ಪಿಸ್ತೂಲ್ ರೇಂಜ್. ನಾನು ಪದಕ ಗೆದ್ದವನಲ್ಲ, ಕೋಚ್ ಕೂಡ ಅಲ್ಲ. ನನ್ನಂಥ ವಾರಾಂತ್ಯದ ಶೂಟರ್‌ಗಳು ನಮ್ಮ ರೇಂಜಿನಲ್ಲೇ ಬೇಕಾದಷ್ಟು ಜನ ಇದ್ದಾರೆ.

ಪ್ಯಾರಿಸ್ ಒಲಿಂಪಿಕ್ಸ್ ಆದಮೇಲೆ ನನ್ನನ್ನು ಕೇಳೋರು ಜಾಸ್ತಿ ಆದರು. 2024ರಲ್ಲಿ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು, ಎರಡು ದಿನ ಬಿಟ್ಟು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು. ಆಗಸ್ಟ್ 1ಕ್ಕೆ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲಿನಲ್ಲಿ ಕಂಚು. ಕುಸಾಳೆ ನಮ್ಮ ಬೆಳಗಾವಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯವರು, ಆಗ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರಾಗಿದ್ದರು. ಆ ವಾರ ಆಫೀಸಿನ ಕ್ಯಾಂಟೀನಿನಲ್ಲಿ, ಲಿಫ್ಟಿನಲ್ಲಿ, ಮಗಳ ಶಾಲೆಯ ಗೇಟಿನಲ್ಲಿ ಒಂದೇ ಪ್ರಶ್ನೆ: “ಸಾರ್, ರೇಂಜ್ ದೂರ, ಟ್ರಾಫಿಕ್ ಬೇರೆ. ಮನೆಯಲ್ಲೇ ಪ್ರಾಕ್ಟೀಸ್ ಮಾಡಬಹುದಾ?”

ಉತ್ತರ ಹೌದು. ಮಾಡಬಹುದು ಅಷ್ಟೇ ಅಲ್ಲ, ಈ ಆಟದ ಬಹುಪಾಲು ಕಲಿಕೆ ಆಗೋದೇ ಅಲ್ಲಿ. ರೇಂಜಿನಲ್ಲಿ ಆಗೋದು ಪರೀಕ್ಷೆ. ಆದರೆ ಈ ‘ಹೌದು’ಗೆ ಒಂದು ಷರತ್ತು ಇದೆ. ‘ಗೊತ್ತು’ ಅಂತ ಅಂದುಕೊಳ್ಳದೆ, ಪ್ರತಿ ಸಲ ಕಣ್ಣಿಟ್ಟು ನೋಡೋಕೆ ತಯಾರಿರಬೇಕು. ಗುರಿ ಸುಧಾರಿಸೋಕೂ ಅದೇ ಬೇಕು, ಮನೆಯವರ ಜೀವ ಕಾಯೋಕೂ ಅದೇ ಬೇಕು. ಇಡೀ ಮಾತು ಇಷ್ಟೇ. ಉಳಿದದ್ದು ವಿವರ.

ಒಂದು ಮಿಲಿಮೀಟರ್ ಲೆಕ್ಕ

ಮೊದಲು ಸ್ವಲ್ಪ ಲೆಕ್ಕ ಮಾಡೋಣ. ಇಂಜಿನಿಯರ್ ಆದಮೇಲೆ ಲೆಕ್ಕ ಇಲ್ಲದೆ ಮಾತು ಮುಂದೆ ಹೋಗಲ್ಲ.

ಏರ್ ಪಿಸ್ತೂಲಿನ ಟಾರ್ಗೆಟ್ 17 ಸೆಂಟಿಮೀಟರ್ ಅಗಲದ ಚೌಕ. ನಡುವೆ ಕಪ್ಪು ವೃತ್ತ, 59.5 ಮಿಲಿಮೀಟರ್. ಅದರ ಮಧ್ಯದ ಹತ್ತರ ವೃತ್ತ 11.5 ಮಿಲಿಮೀಟರ್, ನಮ್ಮ ಶರ್ಟಿನ ಗುಂಡಿಯಷ್ಟು. ನಿಮಗೂ ಅದಕ್ಕೂ ನಡುವೆ 10 ಮೀಟರ್. ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ, ಸುಮಾರು ಒಂದು ಕಿಲೋ ತೂಕದ ಪಿಸ್ತೂಲು ಹಿಡಿದು ಹೊಡೀಬೇಕು. ಪೂರ್ತಿ ಪಂದ್ಯದಲ್ಲಿ 60 ಶಾಟ್, 75 ನಿಮಿಷ.

ಪಿಸ್ತೂಲಿನ ಮೇಲೆ ಎರಡು ಸೈಟ್ ಇರುತ್ತೆ. ಸೈಟ್ ಅಂದಕೂಡಲೇ ಬೆಂಗಳೂರಿನವರಿಗೆ ಥರ್ಟಿ ಫಾರ್ಟಿ ನೆನಪಾಗುತ್ತೆ, ಅದಲ್ಲ. ಹಿಂದೆ ಒಂದು ಚೌಕದ ಕಚ್ಚು, ಮುಂದೆ ಒಂದು ಪುಟ್ಟ ಕಂಬ. ಕಚ್ಚಿನ ನಡುವೆ ಕಂಬ ಕೂರಬೇಕು, ಎರಡೂ ಬದಿಯಲ್ಲಿ ಬೆಳಕು ಸಮ ಇರಬೇಕು, ಮೇಲಂಚು ಒಂದೇ ಗೆರೆಯಲ್ಲಿರಬೇಕು.

ಈಗ ಎರಡು ಥರದ ತಪ್ಪು ನೋಡಿ. ಮೊದಲನೆಯದು, ಸೈಟ್ ಎರಡೂ ಸರಿಯಾಗಿ ಕೂತಿವೆ, ಆದರೆ ಇಡೀ ಕೈ ಒಂದು ಮಿಲಿಮೀಟರ್ ಬಲಕ್ಕೆ ಜರುಗಿತು ಅನ್ನಿ. ಟಾರ್ಗೆಟ್‌ನಲ್ಲೂ ಅಷ್ಟೇ, ಒಂದು ಮಿಲಿಮೀಟರ್. ಲೆಕ್ಕಕ್ಕೇ ಇಲ್ಲ. ಎರಡನೆಯದು, ಕೈ ಅಲ್ಲೇ ಇದೆ, ಆದರೆ ಮುಂದಿನ ಕಂಬ ಹಿಂದಿನ ಕಚ್ಚಿಗೆ ಹೋಲಿಸಿದರೆ ಒಂದು ಮಿಲಿಮೀಟರ್ ಪಕ್ಕಕ್ಕೆ ಹೋಯಿತು. ಎರಡು ಸೈಟ್ ನಡುವಿನ ಅಂತರ 350 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. 10,000 ಭಾಗಿಸು 350. ಟಾರ್ಗೆಟ್‌ನಲ್ಲಿ ಆ ತಪ್ಪು ಸುಮಾರು 29 ಮಿಲಿಮೀಟರ್ ಆಗುತ್ತೆ. ಹತ್ತು ಬೀಳಬೇಕಾದ ಜಾಗದಲ್ಲಿ ಏಳು ಬೀಳುತ್ತೆ.

ಹೊಸಬರೆಲ್ಲ ಹೋರಾಡೋದು ಮೊದಲನೇ ತಪ್ಪಿನ ಜೊತೆ. “ಕೈ ನಡುಗುತ್ತೆ ಸಾರ್, ನಿಲ್ಲೋದೇ ಇಲ್ಲ” ಅಂತಾರೆ. ಎಲ್ಲರ ಕೈಯೂ ಅಲ್ಲಾಡುತ್ತೆ, ವಿಶ್ವ ಚಾಂಪಿಯನ್ನರದೂ ಅಲ್ಲಾಡುತ್ತೆ, ಪ್ರಮಾಣ ಕಡಿಮೆ ಅಷ್ಟೇ. ಅಂಕ ತಿನ್ನೋದು ಎರಡನೇ ತಪ್ಪು. ಆ ತಪ್ಪು ಬರೋದು ಎಲ್ಲಿಂದ? ಬಹುತೇಕ ಬೆರಳಿನಿಂದ. ಟ್ರಿಗರ್ ಒತ್ತುವಾಗ ಬೆರಳಿನ ಜೊತೆ ಮಣಿಕಟ್ಟು ಕೂಡ ಒಂಚೂರು ತಿರುಗುತ್ತೆ. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ಹೊರಬೇಕು. ಹತ್ತಿರಹತ್ತಿರ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನ ತೂಕ. ಅಷ್ಟು ಭಾರವನ್ನು ಒಂದೇ ಬೆರಳು ಹಿಂದಕ್ಕೆ ಎಳೀಬೇಕು, ಉಳಿದ ನಾಲ್ಕು ಬೆರಳಿಗೆ ಸುದ್ದಿಯೇ ಗೊತ್ತಾಗಬಾರದು. ಕಲಿಯೋಕೆ ಇರೋದು ಇಷ್ಟೇ. ಆದರೆ ಇದಕ್ಕೇ ವರ್ಷಗಳು ಬೇಕು.

ಗುಂಡು ಯಾಕೆ ಅಡ್ಡ ಬರುತ್ತೆ

ಹಾಗಾದರೆ ಗುಂಡು ಹಾಕಿಯೇ ಕಲೀಬಹುದಲ್ಲ, ಖಾಲಿ ಯಾಕೆ?

ಗುಂಡು ಇದ್ದರೆ ಕಣ್ಣು ಸುಮ್ಮನಿರಲ್ಲ. ಮುಂದಿನ ಕಂಬವನ್ನು ನೋಡುತ್ತಾ ಇರಬೇಕಾದ ಕಣ್ಣು, ಟ್ರಿಗರ್ ಒತ್ತಿದ ಕ್ಷಣವೇ ‘ಎಷ್ಟು ಬಿತ್ತು’ ಅಂತ ಟಾರ್ಗೆಟ್ ಕಡೆ ಓಡುತ್ತೆ. ಕೆಲವರದು ಒತ್ತೋಕೆ ಮುಂಚೆಯೇ ಓಡುತ್ತೆ. ಗಮನ ಹೋದ ಕಡೆ ಕೈಯೂ ಹೋಗುತ್ತೆ. ಇನ್ನು ಬೆಂಕಿಯುಗುಳುವ ನಿಜವಾದ ಪಿಸ್ತೂಲು ಆದರೆ ಸದ್ದು, ಹಿಂದೊದೆತ ಎರಡೂ ಸೇರುತ್ತೆ. ಅದು ಬರುತ್ತೆ ಅಂತ ಗೊತ್ತಿರೋ ದೇಹ ಮುಂಚೆಯೇ ಬಿಗಿಯಾಗುತ್ತೆ, ಪಿಸ್ತೂಲನ್ನು ಕೆಳಕ್ಕೆ ಅದುಮುತ್ತೆ. ಇಂಜೆಕ್ಷನ್ ಸೂಜಿ ಕಂಡರೆ ತೋಳು ತಾನೇ ಬಿಗಿಯಾಗಲ್ವಾ, ಹಾಗೆ. ನಾವು ಬೇಡ ಅಂದರೂ ದೇಹ ಕೇಳಲ್ಲ.

ಕೋಚ್‌ಗಳು ಇದನ್ನು ಹಿಡಿಯೋಕೆ ರೇಂಜಿನಲ್ಲಿ ಒಂದು ಉಪಾಯ ಮಾಡ್ತಾರೆ. ನಿಜವಾದ ತೋಟಾಗಳ ನಡುವೆ ಎಲ್ಲೋ ಒಂದು ಡಮ್ಮಿ ತೋಟಾ ಸೇರಿಸಿ ಕೊಡ್ತಾರೆ. ಯಾವುದು ಯಾವಾಗ ಬರುತ್ತೆ ಅಂತ ಹೊಡೆಯೋನಿಗೆ ಗೊತ್ತಿಲ್ಲ. ಡಮ್ಮಿ ಬಂದಾಗ ಸದ್ದಾಗಲ್ಲ, ಆದರೂ ಪಿಸ್ತೂಲಿನ ಮೂತಿ ಧಡಕ್ಕನೆ ಕೆಳಗೆ ಹೋಗುತ್ತೆ. ಸುತ್ತ ಇರೋರೆಲ್ಲ ನೋಡ್ತಾರೆ. ಅಲ್ಲಿಯವರೆಗೆ ಸೈಟ್ ಸರಿಯಿಲ್ಲ, ಹಿಡಿಕೆ ಸರಿಯಿಲ್ಲ ಅಂತ ದೂರುತ್ತಿದ್ದವರು ಆಮೇಲೆ ಮಾತಾಡಲ್ಲ.

ಗುಂಡಿಲ್ಲದಾಗ ಸದ್ದಿಲ್ಲ, ಒದೆತ ಇಲ್ಲ, ನೋಡೋಕೆ ತೂತೂ ಇಲ್ಲ. ಹಾಗಾಗಿ ಕಣ್ಣು ಕಂಬದ ಮೇಲೇ ನಿಲ್ಲುತ್ತೆ. ‘ಟಿಕ್’ ಅಂದ ಕ್ಷಣದಲ್ಲಿ ಕಂಬ ಕದಲಿತಾ ಇಲ್ವಾ ಅನ್ನೋದು ಸ್ಪಷ್ಟವಾಗಿ ಕಾಣುತ್ತೆ. ನಾವು ಕೋಡ್ ಡೀಬಗ್ ಮಾಡುವಾಗ ಬೇರೆಲ್ಲ ಸರ್ವಿಸ್ ಆಫ್ ಮಾಡಿ ಒಂದೇ ಫಂಕ್ಷನ್ ಓಡಿಸಿ ನೋಡ್ತೀವಲ್ಲ, ಇದೂ ಅದೇ.

ಮ್ಯಾಟ್ ಎಮನ್ಸ್ ಅಂತ ಅಮೆರಿಕದ ದೊಡ್ಡ ರೈಫಲ್ ಶೂಟರ್. 2008ರ ಬೀಜಿಂಗ್ ಒಲಿಂಪಿಕ್ಸ್, 50 ಮೀಟರ್ ರೈಫಲ್ ಮೂರು ಭಂಗಿಗಳ ಫೈನಲ್. ಕೊನೆಯ ಶಾಟ್‌ಗೆ ಮುಂಚೆ ಅವರು 3.3 ಅಂಕ ಮುಂದಿದ್ದರು. ಸಾಧಾರಣ ಶಾಟ್ ಸಾಕಿತ್ತು. ಇನ್ನೂ ಗುರಿ ಕೂರಿಸುತ್ತಾ ಇರುವಾಗಲೇ ಬೆರಳು ಟ್ರಿಗರ್‌ಗೆ ತಾಗಿ ಗುಂಡು ಹಾರಿತು. 4.4 ಅಂಕ. ಚಿನ್ನದಿಂದ ನಾಲ್ಕನೇ ಸ್ಥಾನಕ್ಕೆ. ಅದೇ ಬೀಜಿಂಗ್‌ನಲ್ಲಿ 10 ಮೀಟರ್ ಏರ್ ರೈಫಲ್ ಫೈನಲ್‌ನ ಕೊನೆಯ ಶಾಟ್‌ಗೆ ಮುಂಚೆ ನಮ್ಮ ಅಭಿನವ್ ಬಿಂದ್ರಾ ಮತ್ತು ಫಿನ್ಲೆಂಡಿನ ಹೆನ್ರಿ ಹಕ್ಕಿನೆನ್ ಸಮಸಮ ಇದ್ದರು. ಬಿಂದ್ರಾ 10.8 ಹೊಡೆದರು, ಹಕ್ಕಿನೆನ್ 9.7. ಒಬ್ಬರಿಗೆ ಚಿನ್ನ, ಇನ್ನೊಬ್ಬರಿಗೆ ಕಂಚು. ಆ ಮಟ್ಟದಲ್ಲೂ ಎಲ್ಲ ನಿರ್ಧಾರ ಆಗೋದು ಬೆರಳು ಟ್ರಿಗರ್ ಒತ್ತುವ ಆ ಕಾಲು ಸೆಕೆಂಡಿನಲ್ಲಿ.

ನಮ್ಮಂಥವರಿಗೆ ಇನ್ನೂ ಹತ್ತಿರದ ಹೆಸರು ಬೇಕು ಅಂದರೆ ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ಬಿಟ್ಟು ಬಂದು ಪಿಸ್ತೂಲು ಹಿಡಿದರು. 2013ರಲ್ಲಿ ಕೊರಿಯಾದ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್. ಕೀಬೋರ್ಡ್ ಕುಟ್ಟಿದ ಬೆರಳಿಗೂ ಟ್ರಿಗರ್ ಒಲಿಯುತ್ತೆ ಅನ್ನೋಕೆ ನಾನು ಆಫೀಸಿನಲ್ಲಿ ಇವರ ಹೆಸರನ್ನೇ ಹೇಳೋದು.

ಯಾವ ಬಂದೂಕು, ಯಾವುದು ಬೇಡ

ಮನೆಯಲ್ಲಿರೋ ಎಲ್ಲ ಗನ್ನಿಗೂ ಇದು ಸಲ್ಲದು. ಗಮನ ಇಟ್ಟು ಕೇಳಿ.

ಪಂದ್ಯದ ಏರ್ ಪಿಸ್ತೂಲುಗಳಲ್ಲಿ, ಅಂದರೆ ಗಾಳಿಯ ಸಿಲಿಂಡರ್ ಇರುವಂಥವುಗಳಲ್ಲಿ, ಡ್ರೈ ಫೈರ್‌ಗೆ ಅಂತಲೇ ವ್ಯವಸ್ಥೆ ಇರುತ್ತೆ. ಅದನ್ನು ಬದಲಿಸಿಕೊಂಡರೆ ಗಾಳಿ ಹೋಗಲ್ಲ, ಟ್ರಿಗರ್ ಮಾತ್ರ ನಿಜವಾದ ಹಾಗೇ ಕೆಲಸ ಮಾಡುತ್ತೆ. ಕೈಪಿಡಿ ಓದಿ, ಹೇಳಿದ ಹಾಗೇ ಮಾಡಿ.

ಜಾತ್ರೆಯಲ್ಲಿ ಬಲೂನು ಹೊಡೆಯೋಕೆ ಇಡ್ತಾರಲ್ಲ, ನಳಿಗೆ ಮಡಚಿ ಸ್ಪ್ರಿಂಗ್ ಬಿಗಿಯೋ ಏರ್ ಗನ್, ಅದನ್ನು ಖಾಲಿ ಹೊಡೀಬೇಡಿ. ಪೆಲೆಟ್ ಇದ್ದರೆ ಅದರ ಹಿಂದಿನ ಗಾಳಿ ಪಿಸ್ಟನ್‌ಗೆ ಮೆತ್ತೆಯ ಥರ ಕೆಲಸ ಮಾಡುತ್ತೆ. ಪೆಲೆಟ್ ಇಲ್ಲದಿದ್ದರೆ ಪಿಸ್ಟನ್ ನೇರವಾಗಿ ಹೋಗಿ ಬಡಿಯುತ್ತೆ. ಸೀಲು, ಸ್ಪ್ರಿಂಗು ಎರಡೂ ಹಾಳು.

.22 ರಿಮ್‌ಫೈರ್ ಇರುವವರಿಗೂ ಒಂದು ಮಾತು. ಅದರಲ್ಲಿ ಫೈರಿಂಗ್ ಪಿನ್ ತೋಟಾದ ಅಂಚಿಗೆ ಬಡಿಯುತ್ತೆ. ಖಾಲಿ ಇದ್ದರೆ ಚೇಂಬರಿನ ಅಂಚಿಗೇ ಬಡಿದು ಅಲ್ಲಿ ಗುಳಿ ಬೀಳಬಹುದು. ಅಭ್ಯಾಸಕ್ಕೆ ಅಂತ ಮಾಡಿದ ಡಮ್ಮಿ ಹಾಕಿಯೇ ಮಾಡಿ. ಡಮ್ಮಿಯ ಬಣ್ಣ ನಿಜವಾದ ತೋಟಾಗಿಂತ ದೂರದಿಂದಲೇ ಬೇರೆ ಕಾಣಬೇಕು.

ಕಾನೂನಿನ ಮಾತು ಸಂಕ್ಷೇಪವಾಗಿ. 0.177 ಇಂಚಿನವರೆಗಿನ ನಳಿಗೆ, 20 ಜೂಲ್ ಒಳಗಿನ ಶಕ್ತಿ ಇರುವ ಏರ್ ಗನ್‌ಗೆ ನಮ್ಮ ದೇಶದಲ್ಲಿ ಪರವಾನಗಿ ಬೇಕಿಲ್ಲ. ಅದನ್ನು ಮೀರಿದ್ದಕ್ಕೆ ಬೇಕು. ಪರವಾನಗಿ ಬೇಡ ಅಂದಮಾತ್ರಕ್ಕೆ ಅದು ಆಟಿಕೆ ಅಲ್ಲ. ಪೆಲೆಟ್ ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ.

ಖಾಲಿ ಕೋವಿಗೇ ಹೆದರಬೇಕು

ನಾನು ಬಂದೂಕು ಮೊದಲು ನೋಡಿದ್ದು ರೇಂಜಿನಲ್ಲಲ್ಲ. ನಮ್ಮಲ್ಲಿ ಮಲೆನಾಡಿನ ಹಳೇ ಮನೆಗಳಲ್ಲಿ ಬೆಳೆ ಕಾಯೋಕೆ ಅಂತ ಪರವಾನಗಿ ಕೋವಿ ಇರುತ್ತಿತ್ತು. ಚುನಾವಣೆ ಬಂದರೆ ಪೊಲೀಸ್ ಸ್ಟೇಷನ್ನಿಗೆ ಒಯ್ದು ಕೊಡಬೇಕು, ಮುಗಿದಮೇಲೆ ತರಬೇಕು. ಇವತ್ತಿಗೂ ಹಾಗೇ. ನಮ್ಮಜ್ಜ ತೋಟದಿಂದ ಬಂದರೆ ಕೋವಿಯನ್ನು ಖಾಲಿ ಮಾಡಿಯೇ ಮೆಟ್ಟಿಲು ಹತ್ತುತ್ತಿದ್ದರು. ಒಳಗೆ ಬಂದು ಗೋಡೆಗೆ ನೇತುಹಾಕುವ ಮುಂಚೆ ಮತ್ತೊಮ್ಮೆ ನೋಡುತ್ತಿದ್ದರು. “ತುಂಬಿದ ಕೋವಿಗೆ ಎಲ್ರೂ ಹೆದರ್ತಾರೆ ಮಾರಾಯ, ಖಾಲಿ ಕೋವಿಗೇ ನಾವು ಹೆದರಬೇಕಾದ್ದು” ಅನ್ನುತ್ತಿದ್ದರು. ಕೊಡಗಿನವರು ಇದನ್ನು ಕೇಳುತ್ತಿದ್ದರೆ, ನಿಮಗೆ ಹೊಸದೇನೂ ಹೇಳುತ್ತಿಲ್ಲ. ಕೈಲ್ ಪೊಳ್ದ್ ಹಬ್ಬಕ್ಕೆ ತೋಕನ್ನು ಒರೆಸಿ, ಹೂವಿಟ್ಟು ಪೂಜೆ ಮಾಡಿ, ಆಮೇಲೆ ತೆಂಗಿನಕಾಯಿಗೆ ಗುರಿ ಇಡೋರು ನೀವು. ಆಯುಧಕ್ಕೆ ಕೊಡುವ ಮರ್ಯಾದೆಯೇ ಸುರಕ್ಷತೆಯ ಮೊದಲ ಪಾಠ.

ಕಳೆದ ದಸರಾಕ್ಕೆ ಅಮ್ಮ ಊರಿಂದ ಬಂದಿದ್ದರು. ನಾನು ಅಭ್ಯಾಸಕ್ಕೆ ನಿಲ್ಲೋದನ್ನು ಎರಡು ದಿನ ಬಾಗಿಲಲ್ಲಿ ನಿಂತು ನೋಡಿದರು. ಮೂರನೇ ದಿನ ಕೇಳಿದರು: “ಖಾಲಿ ಅಂತ ನಿಂಗೆ ಗೊತ್ತು. ಬೆಳಿಗ್ಗೆ ನೋಡಿದ್ದೆ, ರಾತ್ರಿನೂ ನೋಡಿದ್ದೆ. ಮತ್ಯಾಕೋ ಮೂರು ಮೂರು ಸಲ ನೋಡ್ತೀಯ?”

“ಗೊತ್ತು ಅಂತ ಬಿಟ್ಟರೆ ಒಂದಿನ ನೋಡೋದೇ ಮರೆತು ಹೋಗುತ್ತೆ ಅಮ್ಮಾ” ಅಂದೆ.

“ಗ್ಯಾಸ್ ಆಫ್ ಮಾಡಿದ್ನಾ ಅಂತ ನಾನು ಎದ್ದು ಹೋಗಿ ನೋಡಿದ್ರೆ ನಗ್ತೀಯಲ್ಲ, ಇದೂ ಅದೇ ತಾನೇ?” ಅಂದರು. ಅದೇ. ಅಮ್ಮನ ಗ್ಯಾಸ್ ಸಿಲಿಂಡರ್, ನನ್ನ ಗಾಳಿ ಸಿಲಿಂಡರ್.

ನಾನು ಪಾಲಿಸೋ ಕ್ರಮ ಹೇಳ್ತೀನಿ. ಇದನ್ನು ನಾನು ಕಂಡುಹಿಡಿದದ್ದಲ್ಲ, ಎಲ್ಲ ಒಳ್ಳೆಯ ರೇಂಜಿನಲ್ಲೂ ಹೇಳಿಕೊಡೋದೇ.

ಒಂದು, ಅಭ್ಯಾಸದ ಕೋಣೆಯಲ್ಲಿ ಒಂದೇ ಒಂದು ಪೆಲೆಟ್ ಕೂಡ ಇರಬಾರದು. ಡಬ್ಬಿ ಬೇರೆ ಕೋಣೆಯಲ್ಲಿ, ಬೀಗದೊಳಗೆ. ಜೇಬು, ಪಿಸ್ತೂಲಿನ ಪೆಟ್ಟಿಗೆಯ ಮೂಲೆ, ಸ್ಪಂಜಿನ ಅಡಿ ಎಲ್ಲ ನೋಡಿ. ಪೆಲೆಟ್ ಅಡಗಿ ಕೂರೋದು ಅಲ್ಲೇ.

ಎರಡು, ಪಿಸ್ತೂಲನ್ನು ತೆರೆದು ಕಣ್ಣಿಂದ ನೋಡಿ. ನಳಿಗೆಯಲ್ಲಿ ಬಣ್ಣದ ಸುರಕ್ಷತಾ ದಾರ ತೂರಿಸಿ, ಆ ತುದಿಯಿಂದ ಹೊರಬಂದಿದ್ದು ಕಾಣಬೇಕು. ಬಾಯಿಬಿಟ್ಟು ‘ಖಾಲಿ’ ಅನ್ನಿ. ದಾರ ತೆಗೆದಮೇಲೆ ಇನ್ನೊಮ್ಮೆ ನೋಡಿ. ಒಂದು ಕ್ಷಣ ಕೈಯಿಂದ ಕೆಳಗಿಟ್ಟರೂ ಮತ್ತೆ ಎತ್ತುವಾಗ ಮೊದಲಿನಿಂದ ನೋಡಬೇಕು.

ಮೂರು, ಖಾಲಿ ಅಂತ ಮೂರು ಸಲ ನೋಡಿದಮೇಲೂ ತುಂಬಿದೆ ಅಂತಲೇ ನಡೆದುಕೊಳ್ಳಿ. ಮೂತಿ ಯಾರ ಕಡೆಗೂ ತಿರುಗಬಾರದು. ಗುರಿ ಇಡೋ ಗೋಡೆಯ ಆಚೆ ಏನಿದೆ ಅಂತ ಗೊತ್ತಿರಬೇಕು. ನಮ್ಮ ಫ್ಲಾಟುಗಳ ಒಳಗೋಡೆ ಎಷ್ಟು ದಪ್ಪ ಅಂತ ಟಿವಿ ಸ್ಟ್ಯಾಂಡಿಗೆ ಡ್ರಿಲ್ ಹಾಕಿಸಿದವರಿಗೆಲ್ಲ ಗೊತ್ತು. ಪಕ್ಕದ ಮನೆಯ ಮಗುವಿನ ತೊಟ್ಟಿಲು ಆಚೆ ಇರೋ ಗೋಡೆ ಬೇಡ. ಬಾಗಿಲು ಬೇಡ, ಕಿಟಕಿ ಬೇಡವೇ ಬೇಡ. ಕಟ್ಟಡದ ಕಂಬ ಇರೋ ಜಾಗ ಒಳ್ಳೆಯದು. .22 ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸಾಧಾರಣ ಗೋಡೆಯನ್ನು ನಂಬಲೇಬೇಡಿ.

ನಾಲ್ಕು, ಪರದೆ ಎಳೆಯಿರಿ. ಎದುರು ಬಿಲ್ಡಿಂಗಿನವರಿಗೆ ನೀವು ಒಲಿಂಪಿಕ್ಸ್ ಅಭ್ಯಾಸ ಮಾಡ್ತಿದ್ದೀರಿ ಅಂತ ಕಾಣಲ್ಲ. ಒಬ್ಬ ಮನುಷ್ಯ ಬಾಲ್ಕನಿ ಪಕ್ಕ ಪಿಸ್ತೂಲು ಹಿಡಿದು ನಿಂತಿದ್ದಾನೆ ಅಂತಷ್ಟೇ ಕಾಣುತ್ತೆ. ಮನೆಯವರಿಗೆ ಮುಂಚೆಯೇ ಹೇಳಿ, ಫೋನ್ ಸೈಲೆಂಟ್ ಮಾಡಿ. ನಡುವೆ ಡೆಲಿವರಿಯವನು ಬೆಲ್ ಹೊಡೆದರೆ ಅವತ್ತಿನ ಸೆಶನ್ ಅಲ್ಲಿಗೆ ಮುಗೀತು. ಮತ್ತೆ ಮಾಡೋದಾದರೆ ಮೊದಲ ಹೆಜ್ಜೆಯಿಂದ.

ಐದು, ಎಲ್ಲಕ್ಕಿಂತ ಮುಖ್ಯವಾದದ್ದು. ಅಪಾಯ ಇರೋದು ಅಭ್ಯಾಸದ ನಡುವೆ ಅಲ್ಲ, ಮುಗಿದ ಮೇಲಿನ ಎರಡು ನಿಮಿಷದಲ್ಲಿ. ನಡುವೆ ಗಮನ ಇರುತ್ತೆ. ಮುಗಿದಮೇಲೆ ಮನಸ್ಸು ಸಡಿಲ ಆಗುತ್ತೆ. ನಾಳೆ ರೇಂಜಿಗೆ ಹೋಗಬೇಕು ಅಂತ ಪೆಲೆಟ್ ಹೊರಗೆ ತೆಗೆದಿರುತ್ತೀರಿ, ಇಲ್ಲಾ ಪರವಾನಗಿ ಪಿಸ್ತೂಲು ಇರೋರು ಮತ್ತೆ ತೋಟಾ ತುಂಬಿಟ್ಟಿರುತ್ತಾರೆ. ಆಗ ನೆನಪಾಗುತ್ತೆ, ಆ ಕೊನೇದು ಸರಿಯಾಗಿ ಬರಲಿಲ್ಲ, ‘ಇನ್ನೊಂದೇ ಒಂದು’. ಕೈಗೆ ಅಭ್ಯಾಸ ಆಗಿಬಿಟ್ಟಿದೆ, ಎತ್ತುತ್ತೆ, ಒತ್ತುತ್ತೆ. ಆ ‘ಇನ್ನೊಂದೇ ಒಂದು’ ಇದೆಯಲ್ಲ, ಅದನ್ನು ನಿಷೇಧಿಸಿಬಿಡಿ. ಮುಗಿದಮೇಲೆ ಬಾಯಿಬಿಟ್ಟು ‘ಮುಗೀತು’ ಅನ್ನಿ. ಗೋಡೆಯ ಟಾರ್ಗೆಟ್ ಕಿತ್ತು ತೆಗೆಯಿರಿ. ದಾರ ತೂರಿಸಿ, ಪಿಸ್ತೂಲು ಪೆಟ್ಟಿಗೆಗೆ, ಪೆಟ್ಟಿಗೆಗೆ ಬೀಗ, ಬೀಗದ ಕೈ ನಿಮ್ಮ ಹತ್ತಿರ. ಕೋಣೆಯಿಂದ ಹೊರಗೆ ಬನ್ನಿ. ಅವತ್ತು ಮತ್ತೆ ಅದನ್ನು ಮುಟ್ಟೋದಿಲ್ಲ.

ಮನೆಯಲ್ಲಿ ಮಕ್ಕಳಿದ್ದರೆ ಇನ್ನೊಂದು ಮಾತು. ನನ್ನ ಮಗಳಿಗೆ ಏಳು ವರ್ಷ. ಪಿಸ್ತೂಲು ಎಲ್ಲಿದೆ ಅಂತ ಅವಳಿಂದ ಮುಚ್ಚಿಡಲಿಲ್ಲ, ಆದರೆ ಬೀಗದ ಕೈ ಎಲ್ಲಿರುತ್ತೆ ಅಂತ ಅವಳಿಗೆ ಗೊತ್ತಿಲ್ಲ. ಅವಳಿಗೆ ಕಲಿಸಿರೋದು ಇಷ್ಟು: ಎಲ್ಲೇ ಆಗಲಿ, ಯಾರ ಮನೆಯಲ್ಲೇ ಆಗಲಿ, ಇಂಥದ್ದು ಕಂಡರೆ ಮುಟ್ಟಬೇಡ, ಅಲ್ಲಿಂದ ಹೊರಗೆ ಬಾ, ದೊಡ್ಡವರಿಗೆ ಹೇಳು. ನಾನು ಅಭ್ಯಾಸ ಮಾಡುವಾಗ ಅವಳು ಆ ಕೋಣೆಯಲ್ಲಿ ಇರಲ್ಲ. ಇದರಲ್ಲಿ ರಿಯಾಯಿತಿ ಇಲ್ಲ.

ಇಪ್ಪತ್ತು ನಿಮಿಷದಲ್ಲಿ ಏನು ಮಾಡೋದು

ಈಗ ಅಭ್ಯಾಸಕ್ಕೆ ಬರೋಣ. ವಾರಕ್ಕೆ ನಾಲ್ಕೈದು ದಿನ, ದಿನಕ್ಕೆ 20 ನಿಮಿಷ ಸಾಕು. ಭಾನುವಾರ ಒಂದೇ ದಿನ ಎರಡು ಗಂಟೆ ನಿಂತರೆ ಭುಜ ಸೋಲುತ್ತೆ, ಸೋತ ಭುಜ ಕಲಿಯೋದು ತಪ್ಪನ್ನೇ.

ಮೊದಲ ಎಂಟು ನಿಮಿಷ ಬರೀ ಬಿಳಿ ಗೋಡೆ. ಟಾರ್ಗೆಟ್ ಇಲ್ಲ. ನಿಂತುಕೊಳ್ಳಿ, ಕೈ ಎತ್ತಿ, ಮುಂದಿನ ಕಂಬದ ಮೇಲೆ ಕಣ್ಣಿಡಿ. ಕಣ್ಣು ಏಕಕಾಲಕ್ಕೆ ಮೂರು ದೂರ ನೋಡಲಾರದು. ಕಂಬ ಸ್ಪಷ್ಟವಾಗಿದ್ದರೆ ಉಳಿದದ್ದು ಮಸುಕಾಗುತ್ತೆ, ಆಗಲಿ. ಟ್ರಿಗರಿನ ಮೊದಲ ಹಂತ ಸಲೀಸಾಗಿ ಬರುತ್ತೆ, ಆಮೇಲೆ ಒಂದು ತಡೆ ಸಿಗುತ್ತೆ. ಅಲ್ಲಿಂದ ಒತ್ತಡವನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ. ‘ಈಗ!’ ಅಂತ ನೀವು ಆಜ್ಞೆ ಕೊಡಬಾರದು. ಒತ್ತಡ ಏರುತ್ತಾ ಇರುವಾಗ ಅದು ತಾನೇ ಬಿಡಬೇಕು. ‘ಟಿಕ್’ ಆದಮೇಲೂ ಒಂದೆರಡು ಸೆಕೆಂಡು ಹಾಗೇ ನಿಂತು ಕಂಬವನ್ನೇ ನೋಡುತ್ತಿರಿ.

ಮುಂದಿನ ಎಂಟು ನಿಮಿಷ ಟಾರ್ಗೆಟ್ ಇಟ್ಟು. ನಮ್ಮ ಮನೆಗಳಲ್ಲಿ 10 ಮೀಟರ್ ಎಲ್ಲಿ ಬಂತು? ಬೇಕಿಲ್ಲ. ಅಡುಗೆಮನೆಯಿಂದ ಹಾಲಿನ ಗೋಡೆಗೆ 5 ಮೀಟರ್ ಇದ್ದರೆ ಕಪ್ಪು ವೃತ್ತವನ್ನು ಅರ್ಧ ಮಾಡಿ, ಸುಮಾರು 30 ಮಿಲಿಮೀಟರ್. 4 ಮೀಟರ್ ಇದ್ದರೆ 24. ಕಣ್ಣಿಗೆ ಅದು 10 ಮೀಟರಿನ ಟಾರ್ಗೆಟ್ ಥರವೇ ಕಾಣುತ್ತೆ. ವೃತ್ತದ ಮಧ್ಯಭಾಗ ನೆಲದಿಂದ 1.4 ಮೀಟರ್ ಎತ್ತರದಲ್ಲಿರಲಿ, ರೇಂಜಿನಲ್ಲೂ ಹಾಗೇ ಇರುತ್ತೆ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು, ಅದು ಕೈ ಇಳಿಸೋದು. ಕೈ ಎತ್ತಿ ಏಳೆಂಟು ಸೆಕೆಂಡಿನಲ್ಲಿ ಶಾಟ್ ಬರಲಿಲ್ಲ ಅಂದರೆ ಇಳಿಸಿಬಿಡಬೇಕು. ಆಮೇಲೆ ಉಸಿರು ಕಟ್ಟುತ್ತೆ, ಕಣ್ಣು ಮಂಜಾಗುತ್ತೆ, ಸ್ನಾಯು ನಡುಗುತ್ತೆ. ಆಗ ಮನಸ್ಸು ‘ಹೇಗೋ ಹೊಡೆದುಬಿಡು’ ಅನ್ನುತ್ತೆ. ಪಂದ್ಯದಲ್ಲಿ ಬೀಳುವ ಏಳು ಎಂಟುಗಳು ಹೆಚ್ಚಿನವು ಹೀಗೆ ಬಂದದ್ದೇ. 60 ಶಾಟ್‌ಗೆ 75 ನಿಮಿಷ ಅಂದರೆ ಒಂದಕ್ಕೆ 75 ಸೆಕೆಂಡು ಇದೆ. ಇಳಿಸಿ ಮತ್ತೆ ಎತ್ತೋಕೆ ಸಮಯ ಧಾರಾಳ. ಆದರೂ ಇಳಿಸೋಕೆ ಮನಸ್ಸು ಬರಲ್ಲ, ಅದನ್ನೂ ಅಭ್ಯಾಸ ಮಾಡಬೇಕು. ಹತ್ತು ಸಲ ಎತ್ತಿದರೆ ಎರಡು ಸಲ ಬೇಕೆಂದೇ ಒತ್ತದೆ ಇಳಿಸಿ. ಆಫೀಸಿನಲ್ಲಿ ಶುಕ್ರವಾರ ಸಂಜೆ ಅರೆಬೆಂದ ರಿಲೀಸ್ ತಡೆಹಿಡಿದವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತು.

ಕೊನೆಯ ನಾಲ್ಕು ನಿಮಿಷ ನೋಟ್‌ಬುಕ್. ಪ್ರತಿ ‘ಟಿಕ್’ ಆದಾಗ ಕಂಬ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳಬೇಕು: ‘ನೇರ’, ‘ಎಡಕ್ಕೆ’, ‘ಕೆಳಗೆ’, ‘ನೋಡಲಿಲ್ಲ’. ಕೊನೆಗೆ ಎಣಿಸಿ ಬರೀಬೇಕು. ‘ನೋಡಲಿಲ್ಲ’ ಅನ್ನೋದನ್ನೂ ಬರೀಬೇಕು, ಅದೇ ಮುಖ್ಯ. ಕಣ್ಣು ಮಿಟುಕಿಸಿರುತ್ತೀರಿ, ಇಲ್ಲ ಗಮನ ಬೇರೆ ಕಡೆ ಹೋಗಿರುತ್ತೆ. ರೇಂಜಿನಲ್ಲಾದರೆ ಕಾಗದ ಸಾಕ್ಷಿ ಹೇಳುತ್ತೆ. ಮನೆಯಲ್ಲಿ ನೀವೇ ಹೊಡೆಯೋರು, ನೀವೇ ಸಾಕ್ಷಿ, ನೀವೇ ಜಡ್ಜ್. ಸುಳ್ಳು ಬರೆದರೆ ಯಾರಿಗೂ ಗೊತ್ತಾಗಲ್ಲ, ಶನಿವಾರದವರೆಗೆ. ಶನಿವಾರ ರೇಂಜಿನಲ್ಲಿ ಗೊತ್ತಾಗುತ್ತೆ.

ನಳಿಗೆಗೆ ಸೆನ್ಸರ್ ಕಟ್ಟಿ, ಗುರಿ ಓಡಾಡಿದ ದಾರಿಯನ್ನು ಲ್ಯಾಪ್‌ಟಾಪಿನಲ್ಲಿ ಗೆರೆ ಎಳೆದು ತೋರಿಸೋ ಸ್ಕ್ಯಾಟ್ ಥರದ ಯಂತ್ರಗಳೂ ಇವೆ. ಒಳ್ಳೆಯವೇ, ದುಬಾರಿ. ಕಡಿಮೆ ಖರ್ಚಿನಲ್ಲಿ ಬೇಕು ಅಂದರೆ ಫೋನನ್ನು ಪಕ್ಕದಲ್ಲಿ ನಿಲ್ಲಿಸಿ ಬೆರಳು, ಮಣಿಕಟ್ಟು ಕಾಣುವ ಹಾಗೆ ಸ್ಲೋ ಮೋಷನ್ ವಿಡಿಯೊ ಮಾಡಿ. ಪಕ್ಕದಲ್ಲಿ ಅಂದೆ, ಮೂತಿಯ ಎದುರಿಗೆ ಅಲ್ಲ.

ಇದರಿಂದ ಸಿಗದೇ ಇರೋದು

ಗುಂಡಿಲ್ಲದ ಅಭ್ಯಾಸವೇ ಎಲ್ಲ ಅಂತ ನಾನು ಹೇಳಲ್ಲ. ಹಿಂದೊದೆತ ಆದಮೇಲೆ ಮತ್ತೆ ಗುರಿಗೆ ಬರೋದನ್ನು ಇದು ಕಲಿಸಲ್ಲ. ಬಯಲು ರೇಂಜಿನ ಗಾಳಿ ಕಲಿಸಲ್ಲ. ಪಕ್ಕದ ಲೇನಿನವನು ಹತ್ತರ ಮೇಲೆ ಹತ್ತು ಹೊಡೆಯುತ್ತಿರುವಾಗ ಎದೆ ಡವಡವ ಅನ್ನುತ್ತಲ್ಲ, ಅದಕ್ಕೂ ಮದ್ದು ಇಲ್ಲಿಲ್ಲ. ಲೋಕಲ್‌ನಲ್ಲಿ ಓಡಿದ ಕೋಡ್ ಪ್ರೊಡಕ್ಷನ್‌ನಲ್ಲಿ ಬೀಳೋದನ್ನು ನಾವೆಲ್ಲ ನೋಡಿದ್ದೀವಿ.

ಇನ್ನೊಂದು, ಮನೆಯಲ್ಲಿ ತಪ್ಪಾಗಿ ಮಾಡಿದರೆ ತಪ್ಪೇ ಗಟ್ಟಿಯಾಗುತ್ತೆ. ಕೈ ಹೇಗೆ ಹಿಡಿಯಬೇಕು, ಹೇಗೆ ನಿಲ್ಲಬೇಕು ಅನ್ನೋದನ್ನು ಮೊದಲು ರೇಂಜಿನಲ್ಲಿ, ತಿಳಿದವರ ಕಣ್ಣೆದುರು ಕಲೀಬೇಕು. ಪಿಸ್ತೂಲು ಕೊಳ್ಳೋದು ಅದಾದಮೇಲೆ. ಒಳ್ಳೆಯ ಪಂದ್ಯದ ಪಿಸ್ತೂಲಿನ ಬೆಲೆ ಲಕ್ಷ ದಾಟುತ್ತೆ. ಮಗ ಟಿವಿಯಲ್ಲಿ ಮನು ಭಾಕರ್ ನೋಡಿ ಕೇಳಿದ ಅಂತ ಮರುದಿನವೇ ಕೊಡಿಸಬೇಡಿ. ಮೂರ್ನಾಲ್ಕು ತಿಂಗಳು ರೇಂಜಿನ ಪಿಸ್ತೂಲಿನಲ್ಲಿ ಹೊಡೆಯಲಿ. ಸದ್ದಿಲ್ಲದ, ಅಂಕವಿಲ್ಲದ, ಯಾರೂ ಚಪ್ಪಾಳೆ ಹೊಡೆಯದ ಈ ‘ಟಿಕ್ ಟಿಕ್’ ಅವನಿಗೆ ಬೇಜಾರಾಗಲಿಲ್ಲ ಅಂದರೆ ಆಗ ಕೊಡಿಸಿ. ಬೇಜಾರಾದರೆ ತಪ್ಪೇನಿಲ್ಲ, ದುಡ್ಡು ಉಳೀತು.

ಈ ಆಟಕ್ಕೆ ಬಲವಾದ ತೋಳು ಬೇಕಿಲ್ಲ, ಚಿಕ್ಕ ವಯಸ್ಸೇ ಆಗಬೇಕು ಅಂತಲೂ ಇಲ್ಲ. ಬಾಡಿಗೆ ಮನೆಯ ನಾಲ್ಕು ಮೀಟರ್ ಜಾಗದಲ್ಲಿ, ಆಫೀಸ್ ಮುಗಿಸಿ ಬಂದಮೇಲೆ, ಯಾರಿಗೂ ತೊಂದರೆ ಕೊಡದೆ ಕಲೀಬಹುದು. ಅದಕ್ಕೆ ಪ್ರತಿಯಾಗಿ ಕೇಳೋದು ಒಂದೇ: ಖಾಲಿ ಇದೆಯಾ ಅಂತ ನೋಡು, ಗೋಡೆ ಆಚೆ ಏನಿದೆ ಅಂತ ನೋಡು, ಕಂಬ ನೋಡು. ಕಂಡದ್ದನ್ನು ಕಂಡಹಾಗೇ ಬರೆದಿಡು. ನೀವೂ ಶುರುಮಾಡೋದಾದರೆ ಇವತ್ತು ಪಿಸ್ತೂಲು ಮುಟ್ಟಬೇಡಿ. ಮೊದಲು ಒಂದು ಗಟ್ಟಿ ಪೆಟ್ಟಿಗೆ ತನ್ನಿ, ಅದಕ್ಕೊಂದು ಬೀಗ ತನ್ನಿ. ನೋಟ್‌ಬುಕ್ ಆಮೇಲೆ ತಂದರೂ ನಡೆಯುತ್ತೆ.